ದ್ರಾಕ್ಷಿ, ಗೋಧಿ ಮತ್ತು ಎಳ್ಳು: ಲೆಬನಾನಿನ ಸಾವಿರಾರು ವರ್ಷಗಳ ವಹಿವಾಟು

ಪಶ್ಚಿಮ ಏಷ್ಯಾದ ಭೂಪಟದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಗೆ ಅಂಟಿಕೊಂಡಿರುವ ಲೆಬನಾನ್ ಅತಿ ಚಿಕ್ಕ ರಾಷ್ಟ್ರಗಳಲ್ಲೊಂದು. ಅದರ ವಿಸ್ತೀರ್ಣ 10,452 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ವಿಜಯಪುರ ಜಿಲ್ಲೆಯಷ್ಟು. ತೈಲವಿಲ್ಲ, ದೊಡ್ಡ ಕೈಗಾರಿಕೆಗಳಿಲ್ಲ, ಕಳೆದ ಐವತ್ತು ವರ್ಷಗಳಲ್ಲಿ ನೆಮ್ಮದಿಯ ದಿನಗಳು ಕಡಿಮೆ. ಆದರೂ ಲಂಡನ್, ಪ್ಯಾರಿಸ್, ಸಾವೊ ಪಾಲೊ, ದುಬೈ ಮುಂತಾದ ಮಹಾನಗರಗಳಲ್ಲಿ ಲೆಬನಾನಿನ ಹೆಸರು ಹೊತ್ತ ಭೋಜನಶಾಲೆಗಳು ತುಂಬಿರುತ್ತವೆ. ಅಲ್ಲಿನ ಬೇಕಾ ಕಣಿವೆಯ ವೈನ್ ಬಾಟಲಿಗಳು ಫ್ರಾನ್ಸಿನ ಹೆಸರಾಂತ ವೈನ್‌ಗಳ ಪಕ್ಕದಲ್ಲಿಯೇ ಸ್ಥಾನ ಪಡೆದಿವೆ.

ಈ ಹೆಸರಿನ ಹಿಂದೆ ಕನಿಷ್ಠ ನಾಲ್ಕೂವರೆ ಸಾವಿರ ವರ್ಷಗಳ ವ್ಯಾಪಾರದ ಪರಂಪರೆಯಿದೆ. ಆ ಪರಂಪರೆಯನ್ನು ಇಂದಿನ ಮಾರುಕಟ್ಟೆಯ ಬಂಡವಾಳವನ್ನಾಗಿ ಪರಿವರ್ತಿಸಲು ಲೆಬನಾನಿನ ಉದ್ಯಮಿಗಳು ನಡೆಸಿರುವ ಹೋರಾಟ ಆಹಾರ ಸಂಸ್ಕರಣೆ ಹಾಗೂ ರಫ್ತು ಕ್ಷೇತ್ರದಲ್ಲಿರುವ ಎಲ್ಲರೂ ಅರಿಯತಕ್ಕದ್ದು.

ಲೆಕ್ಕದ ಸುರುಳಿ ತೆರೆದ ಅರಸ

ಇಂದಿನ ಲೆಬನಾನಿನ ಕರಾವಳಿಯಲ್ಲಿ ಪ್ರಾಚೀನ ಕಾಲದಲ್ಲಿ ಬಿಬ್ಲೋಸ್, ಸೈಡನ್, ಟೈರ್ ಎಂಬ ಬಂದರು ನಗರಗಳಿದ್ದವು. ಇಲ್ಲಿನ ಜನರನ್ನು ಗ್ರೀಕರು ಫಿನೀಷಿಯನ್ನರು ಎಂದು ಕರೆದರು. ಪರ್ವತದ ಮೇಲಿನ ದೇವದಾರು ಮರ, ಕಡಲ ಶಂಖದ ಹುಳುವಿನಿಂದ ತೆಗೆದ ನೇರಳೆ ಬಣ್ಣ, ಆಲಿವ್ ಎಣ್ಣೆ ಮತ್ತು ದ್ರಾಕ್ಷಾರಸ ಅವರ ಮುಖ್ಯ ಸರಕುಗಳು. ಬಿಬ್ಲೋಸ್ ಮತ್ತು ಈಜಿಪ್ಟ್ ನಡುವಣ ಹಡಗು ವ್ಯಾಪಾರ ಕ್ರಿ.ಪೂ. ಮೂರನೆಯ ಸಹಸ್ರಮಾನದಷ್ಟು ಹಳೆಯದು. ಮರಮಟ್ಟು ಇಲ್ಲದ ಈಜಿಪ್ಟಿಗೆ ಹಡಗು ಕಟ್ಟಲು, ದೇವಾಲಯ ನಿರ್ಮಿಸಲು ಲೆಬನಾನಿನ ದೇವದಾರು ಅನಿವಾರ್ಯವಾಗಿತ್ತು.

ಈ ವ್ಯಾಪಾರದ ರೀತಿನೀತಿಯನ್ನು ತಿಳಿಸುವ ಒಂದು ಈಜಿಪ್ಟಿನ ಬರಹ ಉಳಿದುಬಂದಿದೆ. ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ ಈ ಬರಹದ ನಾಯಕ ವೆನಾಮುನ್ ಎಂಬ ದೇವಾಲಯದ ಅಧಿಕಾರಿ. ಅಮೊನ್ ದೇವರ ನಾವೆಗಾಗಿ ಮರ ಖರೀದಿಸಲು ಆತ ಬಿಬ್ಲೋಸಿಗೆ ಬರುತ್ತಾನೆ. ದಾರಿಯಲ್ಲಿ ಅವನ ಬೆಳ್ಳಿ ಕಳುವಾಗಿರುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೂ ದೇವರ ಹೆಸರಿನಲ್ಲಿ ಮರ ಕೇಳುತ್ತಾನೆ. ಬಿಬ್ಲೋಸಿನ ಅರಸ ಝಕರ್‌ಬಾಲ್ ತನ್ನ ಪೂರ್ವಜರ ಲೆಕ್ಕದ ಸುರುಳಿಗಳನ್ನು ತರಿಸಿ ಓದಿಸುತ್ತಾನೆ. ಹಿಂದಿನ ಕಾಲದಲ್ಲಿ ಈಜಿಪ್ಟ್ ಪ್ರತಿ ಬಾರಿಯೂ ಬೆಲೆ ತೆತ್ತೇ ಮರ ಒಯ್ದಿತ್ತೆಂಬುದು ಅದರಲ್ಲಿ ದಾಖಲಾಗಿರುತ್ತದೆ. ಕೊನೆಗೆ ಈಜಿಪ್ಟಿನಿಂದ ಚಿನ್ನ, ಬೆಳ್ಳಿ, ನಾರುಬಟ್ಟೆ, 500 ಪಪೈರಸ್ ಸುರುಳಿ, 500 ಹಸುವಿನ ಚರ್ಮ, 500 ಹಗ್ಗ, 20 ಮೂಟೆ ಮಸೂರ ಬೇಳೆ, 30 ಬುಟ್ಟಿ ಮೀನು ಬಂದ ಮೇಲೆಯೇ ಮರ ಕಡಿಸಲಾಗುತ್ತದೆ. ನಡುವೆ ವೆನಾಮುನ್ ಮನನೊಂದು ಅತ್ತಾಗ ಅರಸ ಅವನಿಗೆ ಎರಡು ಜಾಡಿ ದ್ರಾಕ್ಷಾರಸವನ್ನೂ ಒಂದು ಟಗರನ್ನೂ ಕಳುಹಿಸುತ್ತಾನೆ. ಇದು ನಿಜವಾದ ವರದಿಯೋ ಸಾಹಿತ್ಯಕೃತಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಲೆಕ್ಕದಲ್ಲಿ ಬಿಗಿ, ಆತಿಥ್ಯದಲ್ಲಿ ಧಾರಾಳ ಎಂಬ ವರ್ತಕ ಧರ್ಮ ಅಂದೇ ಅಲ್ಲಿ ರೂಢಿಯಲ್ಲಿತ್ತೆಂಬುದನ್ನು ಇದು ತೋರಿಸುತ್ತದೆ.

ಕಡಲ ತಳದಲ್ಲಿ ಸಿಕ್ಕ ಸಾಕ್ಷ್ಯ

ದ್ರಾಕ್ಷಾರಸದ ವ್ಯಾಪಾರ ಎಷ್ಟು ವ್ಯವಸ್ಥಿತವಾಗಿತ್ತು ಎಂಬುದಕ್ಕೆ ಪ್ರಬಲ ಸಾಕ್ಷ್ಯ ದೊರೆತದ್ದು ಸಮುದ್ರದ ತಳದಲ್ಲಿ. 1997ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾ ಜಲಾಂತರ್ನೌಕೆಯೊಂದು ಅಷ್ಕೆಲಾನ್ ಕರಾವಳಿಯಾಚೆ ಸುಮಾರು 400 ಮೀಟರ್ ಆಳದಲ್ಲಿ ಮುಳುಗಿದ ಹಡಗುಗಳನ್ನು ಗುರುತಿಸಿತು. 1999ರಲ್ಲಿ ಸಾಗರ ಸಂಶೋಧಕ ರಾಬರ್ಟ್ ಬಲಾರ್ಡ್ ಅವರ ತಂಡ ಇವುಗಳ ಸಮೀಕ್ಷೆ ನಡೆಸಿದಾಗ, ಎರಡು ಹಡಗುಗಳು ಕ್ರಿ.ಪೂ. ಎಂಟನೆಯ ಶತಮಾನದ ಫಿನೀಷಿಯನ್ ಹಡಗುಗಳೆಂದು ತಿಳಿದುಬಂತು. ಅವುಗಳಲ್ಲಿ ನೂರಾರು ಮಣ್ಣಿನ ಜಾಡಿಗಳಿದ್ದವು. ಜಾಡಿಯ ಒಳಗೋಡೆಗೆ ದ್ರವ ಸೋರದಂತೆ ಪೈನ್ ಮರದ ರಾಳ ಬಳಿಯಲಾಗಿತ್ತು. ರಾಸಾಯನಿಕ ಪರೀಕ್ಷೆಯಲ್ಲಿ ದ್ರಾಕ್ಷಾರಸದ ಕುರುಹು ಪತ್ತೆಯಾಯಿತು.

ವಾಣಿಜ್ಯದ ದೃಷ್ಟಿಯಿಂದ ಮುಖ್ಯವಾದ ಸಂಗತಿಯೆಂದರೆ, ಆ ಜಾಡಿಗಳೆಲ್ಲ ಬಹುತೇಕ ಒಂದೇ ಆಕಾರ, ಒಂದೇ ಗಾತ್ರದವು. ಹಡಗಿನಲ್ಲಿ ಜೋಡಿಸಲು, ಬಂದರಿನಲ್ಲಿ ಎಣಿಸಿಕೊಳ್ಳಲು, ಬೆಲೆ ಕಟ್ಟಲು ಏಕರೂಪದ ಅಳತೆ ಎಷ್ಟು ಅನುಕೂಲಕರ ಎಂಬುದನ್ನು ಆ ವರ್ತಕರು ಚೆನ್ನಾಗಿ ಅರಿತಿದ್ದರು. ಇಂದಿನ ಕಂಟೇನರ್ ಸಾಗಣೆಯ ತತ್ತ್ವವೂ ಇದೇ.

ತಯಾರಿಕೆಯ ಸಾಕ್ಷ್ಯ ಲೆಬನಾನಿನ ನೆಲದಲ್ಲಿಯೇ ಇದೆ. ಸೈಡನ್ ನಗರದ ದಕ್ಷಿಣಕ್ಕೆ ತೆಲ್ ಎಲ್ ಬುರಾಕ್ ಎಂಬ ದಿಬ್ಬದಲ್ಲಿ ಲೆಬನಾನ್ ಮತ್ತು ಜರ್ಮನಿಯ ಪುರಾತತ್ತ್ವಜ್ಞರು 2001ರಿಂದ ಜಂಟಿ ಉತ್ಖನನ ನಡೆಸಿದರು. ಅಲ್ಲಿ ಕ್ರಿ.ಪೂ. ಏಳನೆಯ ಶತಮಾನದ ದ್ರಾಕ್ಷಿ ತುಳಿಯುವ ತೊಟ್ಟಿ ಮತ್ತು ರಸ ಸಂಗ್ರಹಿಸುವ ಕುಂಡ ದೊರೆತವು. ಇದರ ವಿವರಗಳು 2020ರಲ್ಲಿ ಪ್ರಕಟವಾದವು. ಕುಂಡದ ಧಾರಣಶಕ್ತಿ ಸುಮಾರು 4,500 ಲೀಟರ್. ಸುಣ್ಣದ ಗಾರೆಗೆ ಒಡೆದ ಮಡಕೆಯ ಪುಡಿ ಬೆರೆಸಿ ನೀರು ಹಿಡಿಯದಂತೆ ಗಿಲಾವು ಮಾಡಲಾಗಿದೆ. ಈ ಗಾರೆಯ ತಂತ್ರ ರೋಮನ್ನರದೆಂದು ಪ್ರಸಿದ್ಧ. ಅದಕ್ಕೂ ಮೊದಲೇ ಸ್ಥಳೀಯ ಕುಶಲಕರ್ಮಿಗಳು ಅದನ್ನು ಬಲ್ಲವರಾಗಿದ್ದರು. ಮನೆಬಳಕೆಗೆ ಇಷ್ಟು ದೊಡ್ಡ ತೊಟ್ಟಿ ಬೇಕಿರಲಿಲ್ಲ. ಇದು ಮಾರಾಟಕ್ಕಾಗಿ ನಡೆದ ಉತ್ಪಾದನೆ.

ಫಿನೀಷಿಯನ್ನರು ಹೋದಲ್ಲೆಲ್ಲ ದ್ರಾಕ್ಷಿ ಕೃಷಿಯ ಜ್ಞಾನವನ್ನೂ ಒಯ್ದರು. ಟೈರ್ ನಗರದವರು ಉತ್ತರ ಆಫ್ರಿಕಾದಲ್ಲಿ ಕಟ್ಟಿದ ಕಾರ್ಥೇಜ್ ನಗರದ ಮಾಗೊ ಎಂಬಾತ ಕೃಷಿಯ ಬಗ್ಗೆ 28 ಸಂಪುಟಗಳ ಗ್ರಂಥ ರಚಿಸಿದ್ದ. ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜನ್ನು ನೆಲಸಮ ಮಾಡಿದರೂ, ಆ ಗ್ರಂಥವನ್ನು ಮಾತ್ರ ಲ್ಯಾಟಿನ್ ಭಾಷೆಗೆ ಅನುವಾದಿಸುವಂತೆ ರೋಮಿನ ಸೆನೆಟ್ ಆದೇಶಿಸಿತು. ಶತ್ರುವಿನ ನಗರ ಬೇಡವಾದರೂ ಶತ್ರುವಿನ ಕೃಷಿ ತಂತ್ರಜ್ಞಾನ ಬೇಕಾಗಿತ್ತು.

ದೇವಾಲಯದಿಂದ ನೆಲಮಾಳಿಗೆಗೆ

ಲೆಬನಾನ್ ಪರ್ವತ ಮತ್ತು ಅದರ ಪೂರ್ವಕ್ಕಿರುವ ಎದುರು ಶ್ರೇಣಿಯ ನಡುವೆ, ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ ಬೇಕಾ ಕಣಿವೆ ಹರಡಿಕೊಂಡಿದೆ. ಒಣ ಬೇಸಿಗೆ, ತಂಪು ರಾತ್ರಿ, ಪರ್ವತದ ಹಿಮ ಕರಗಿ ನೆಲಕ್ಕಿಳಿಯುವ ನೀರು ಮತ್ತು ಸುಣ್ಣದಂಶದ ಮಣ್ಣು ದ್ರಾಕ್ಷಿಗೆ ಒಗ್ಗಿದ ವಾತಾವರಣವನ್ನು ಒದಗಿಸುತ್ತವೆ. ರೋಮನ್ನರು ಇದೇ ಕಣಿವೆಯ ಬಾಲ್ಬೆಕ್‌ನಲ್ಲಿ ಕ್ರಿ.ಶ. ಎರಡನೆಯ ಶತಮಾನದಲ್ಲಿ ಭವ್ಯವಾದ ದೇವಾಲಯವನ್ನು ನಿರ್ಮಿಸಿದರು. ದ್ರಾಕ್ಷಾರಸದ ದೇವತೆ ಬಾಕಸ್‌ನ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಗಾತ್ರದಲ್ಲಿ ಅಥೆನ್ಸಿನ ಪಾರ್ಥೆನಾನಿಗಿಂತಲೂ ದೊಡ್ಡದಾದ ಈ ಕಟ್ಟಡ ಇಂದಿಗೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿದೆ. 1984ರಲ್ಲಿ ಬಾಲ್ಬೆಕ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮುಂದಿನ ಶತಮಾನಗಳಲ್ಲಿ ಆಳ್ವಿಕೆಗಳು ಬದಲಾದವು. ಮುಸ್ಲಿಂ ಅರಸರ ಕಾಲದಲ್ಲಿ ವೈನ್ ವ್ಯಾಪಾರ ಕುಗ್ಗಿತಾದರೂ ಕ್ರೈಸ್ತ ಮಠಗಳಲ್ಲಿ ಧಾರ್ಮಿಕ ವಿಧಿಗಳಿಗಾಗಿ ತಯಾರಿಕೆ ಮುಂದುವರಿಯಿತು. ಆಧುನಿಕ ಉದ್ಯಮ ಆರಂಭವಾದದ್ದು 1857ರಲ್ಲಿ. ಬೇಕಾದ ಕ್ಸಾರಾ ಎಂಬಲ್ಲಿ ಯೇಸುಸಭೆಯ ಪಾದ್ರಿಗಳು ತೋಟ ಮಾಡಿ, ಅಲ್ಜೀರಿಯಾದಿಂದ ತಂದ ಸಿನ್ಸೋ ತಳಿಯನ್ನು ನಾಟಿ ಮಾಡಿದರು. 1868ರಲ್ಲಿ ಫ್ರಾನ್ಸುವಾ ಯೂಜಿನ್ ಬ್ರುನ್ ಎಂಬ ಫ್ರೆಂಚ್ ಗೃಹಸ್ಥ ಡೊಮೇನ್ ದೆ ತುರೆಲ್ ಸಂಸ್ಥೆಯನ್ನು ಸ್ಥಾಪಿಸಿದ. 1898ರಲ್ಲಿ ಕ್ಸಾರಾದ ನೆಲದಡಿ ರೋಮನ್ ಕಾಲದ ಗುಹೆಗಳು ಪತ್ತೆಯಾದವು. ಮುಂದೆ ಅವುಗಳನ್ನು ವಿಸ್ತರಿಸಿ ಸುಮಾರು 2 ಕಿಲೋಮೀಟರ್ ಉದ್ದದ ದಾಸ್ತಾನು ಸುರಂಗಗಳನ್ನಾಗಿ ಮಾಡಲಾಯಿತು. ವಿದ್ಯುತ್ತಿನ ನೆರವಿಲ್ಲದೆ ವರ್ಷವಿಡೀ ತಂಪಾಗಿರುವ ಈ ಸುರಂಗಗಳು ಆ ಸಂಸ್ಥೆಯ ಅತ್ಯಮೂಲ್ಯ ಆಸ್ತಿ. 1973ರಲ್ಲಿ ಪಾದ್ರಿಗಳು ಸಂಸ್ಥೆಯನ್ನು ಖಾಸಗಿ ಉದ್ಯಮಿಗಳಿಗೆ ಮಾರಿದರು. ಎರಡೇ ವರ್ಷಗಳಲ್ಲಿ ಅಂತರ್ಯುದ್ಧ ಆರಂಭವಾಯಿತು.

ಗುಂಡಿನ ನಡುವೆ ಸುಗ್ಗಿ

1975ರಿಂದ 1990ರವರೆಗೆ ನಡೆದ ಅಂತರ್ಯುದ್ಧದಲ್ಲಿ ಲೆಬನಾನಿನ ವೈನ್ ಉದ್ಯಮ ಉಳಿದದ್ದು ಹೇಗೆ ಎಂಬುದಕ್ಕೆ ಶಾಟೊ ಮುಸಾರ್ ಸಂಸ್ಥೆಯ ಇತಿಹಾಸ ಉತ್ತರ ಕೊಡುತ್ತದೆ. ಗಾಸ್ಟನ್ ಹೋಶಾರ್ 1930ರಲ್ಲಿ ಇದನ್ನು ಸ್ಥಾಪಿಸಿದರು. ಅವರ ಮಗ ಸರ್ಜ್ ಹೋಶಾರ್ 1959ರಲ್ಲಿ ತಯಾರಿಕೆಯ ಹೊಣೆ ವಹಿಸಿಕೊಂಡರು. ಸಂಸ್ಥೆಯ ಒಂದು ವಿಶಿಷ್ಟ ತೊಡಕೆಂದರೆ, ದ್ರಾಕ್ಷಿ ತೋಟಗಳು ಪರ್ವತದಾಚೆಯ ಬೇಕಾದಲ್ಲಿ, ತಯಾರಿಕಾ ಘಟಕ ಬೈರೂತಿನ ಉತ್ತರಕ್ಕೆ ಕರಾವಳಿಯ ಗಸೀರ್‌ನಲ್ಲಿ. ಕಿತ್ತ ಹಣ್ಣು ಪ್ರತಿ ವರ್ಷವೂ ಲಾರಿಯಲ್ಲಿ ಪರ್ವತ ದಾಟಬೇಕು. ಯುದ್ಧಕಾಲದಲ್ಲಿ ಆ ದಾರಿ ಶಸ್ತ್ರಸಜ್ಜಿತ ಗುಂಪುಗಳ ನಡುವಣ ಗಡಿಯಾಗಿತ್ತು.

1976ರಲ್ಲಿ ವಿದ್ಯುತ್ ಇಲ್ಲದೆ, ಸಾಗಣೆಯಿಲ್ಲದೆ ಆ ವರ್ಷದ ತಯಾರಿಕೆಯೇ ನಿಂತುಹೋಯಿತು. 1984ರಲ್ಲಿ ನೇರ ದಾರಿ ಮುಚ್ಚಿದ್ದರಿಂದ ಹಣ್ಣಿನ ಲಾರಿಗಳು ಸುತ್ತುಬಳಸಿ ಹಲವು ದಿನ ಪ್ರಯಾಣ ಮಾಡಿದವು. ಘಟಕ ತಲಪುವ ಹೊತ್ತಿಗೆ ಹಣ್ಣು ಲಾರಿಯಲ್ಲಿಯೇ ಹುದುಗತೊಡಗಿತ್ತು. ಈ ಎರಡನ್ನು ಬಿಟ್ಟರೆ ಉಳಿದ ಎಲ್ಲ ಯುದ್ಧವರ್ಷಗಳಲ್ಲಿಯೂ ಸುಗ್ಗಿ ಯಥಾಪ್ರಕಾರ ನಡೆಯಿತು.

ಸ್ವದೇಶದ ಮಾರುಕಟ್ಟೆ ಕುಸಿದಾಗ ಸರ್ಜ್ ಹೋಶಾರ್ ಮಾದರಿ ಬಾಟಲಿಗಳನ್ನು ಹೊತ್ತು ಬ್ರಿಟನ್ನಿಗೆ ತೆರಳಿದರು. 1979ರ ಬ್ರಿಸ್ಟಲ್ ವೈನ್ ಮೇಳದಲ್ಲಿ ಅವರ 1967ರ ವೈನ್ ತಜ್ಞರ ಗಮನ ಸೆಳೆಯಿತು. 1984ರಲ್ಲಿ ಬ್ರಿಟನ್ನಿನ ಡಿಕ್ಯಾಂಟರ್ ಪತ್ರಿಕೆ ವರ್ಷದ ವ್ಯಕ್ತಿ ಗೌರವವನ್ನು ಆರಂಭಿಸಿದಾಗ ಮೊದಲನೆಯದು ಅವರಿಗೇ ಸಂದಿತು. ಲಾರಿಯಲ್ಲಿ ಹಣ್ಣು ಹುದುಗಿದ್ದೂ ಅದೇ ವರ್ಷ. ವೈನನ್ನು ಏಳನೆಯ ವರ್ಷಕ್ಕೆ ಮಾರುಕಟ್ಟೆಗೆ ಬಿಡುವ ಸಂಸ್ಥೆಯ ಪದ್ಧತಿ ಇಲ್ಲಿ ನೆರವಿಗೆ ಬಂತು. ಒಂದು ವರ್ಷದ ಬೆಳೆ ಕೈಕೊಟ್ಟರೂ ನೆಲಮಾಳಿಗೆಯಲ್ಲಿ ಹಿಂದಿನ ವರ್ಷಗಳ ದಾಸ್ತಾನು ಇರುತ್ತಿದ್ದುದರಿಂದ ಗ್ರಾಹಕರಿಗೆ ಪೂರೈಕೆ ತಪ್ಪಲಿಲ್ಲ. ಬಂಡವಾಳವನ್ನು ಏಳು ವರ್ಷ ಕಟ್ಟಿಹಾಕುವುದು ಸಾಮಾನ್ಯ ಲೆಕ್ಕದಲ್ಲಿ ನಷ್ಟದ ಬಾಬ್ತು. ಅನಿಶ್ಚಿತ ದೇಶದಲ್ಲಿ ಅದೇ ವಿಮೆಯಾಯಿತು. ಸರ್ಜ್ ಹೋಶಾರ್ 2014ರ ಡಿಸೆಂಬರ್ 31ರಂದು ನಿಧನರಾದರು.

ಯುದ್ಧ ಮುಗಿದಾಗ ಬೆರಳೆಣಿಕೆಯಷ್ಟಿದ್ದ ವೈನ್ ಘಟಕಗಳು ಮುಂದಿನ ಮೂರು ದಶಕಗಳಲ್ಲಿ ನಲವತ್ತನ್ನು ಮೀರಿದವು. 1997ರಲ್ಲಿ ಉತ್ಪಾದಕರು ಲೆಬನಾನ್ ವೈನ್ ಒಕ್ಕೂಟವನ್ನು ರಚಿಸಿಕೊಂಡರು. 2010ರ ದಶಕದಲ್ಲಿ ದೇಶದ ವಾರ್ಷಿಕ ಉತ್ಪಾದನೆ ಸುಮಾರು 80 ಲಕ್ಷ ಬಾಟಲಿಗಳಷ್ಟಿತ್ತು. ಜಗತ್ತಿನ ಲೆಕ್ಕದಲ್ಲಿ ಇದು ತೀರಾ ಅಲ್ಪ. ಆದ್ದರಿಂದಲೇ ಬೆಲೆಯಲ್ಲಿ ಸ್ಪರ್ಧಿಸುವ ಬದಲು ಗುಣಮಟ್ಟ ಮತ್ತು ಪ್ರಾಚೀನತೆಯ ಮೇಲೆ ಮಾರುವ ನೀತಿಯನ್ನು ಅವರು ಅನುಸರಿಸಿದರು. ಫ್ರೆಂಚ್ ತಳಿಗಳ ಜೊತೆಗೆ ಒಬೈದೆ, ಮೆರ್ವಾ ಎಂಬ ದೇಶೀ ಬಿಳಿ ದ್ರಾಕ್ಷಿ ತಳಿಗಳಿಗೆ ಈಗ ಹೊಸ ಬೇಡಿಕೆ ಬಂದಿರುವುದು ಇದೇ ಕಾರಣದಿಂದ. ಬೇಕಾದ ಉತ್ತರ ಭಾಗದಲ್ಲಿ ಮಾದಕ ಗಾಂಜಾ ಬೆಳೆಯುತ್ತಿದ್ದ ರೈತರಲ್ಲಿ ಕೆಲವರು ಸಹಕಾರಿ ಸಂಘ ಕಟ್ಟಿಕೊಂಡು ದ್ರಾಕ್ಷಿಗೆ ಬದಲಾದದ್ದೂ ಉಂಟು.

ಅರಕ್: ಬೆವರಿನ ಹನಿ

ಲೆಬನಾನಿನ ಊಟದ ಮೇಜಿನ ಮೇಲೆ ವೈನಿಗಿಂತ ಹೆಚ್ಚು ಮನೆಮಾತಾಗಿರುವ ಪಾನೀಯ ಅರಕ್. ಒಬೈದೆ ದ್ರಾಕ್ಷಿಯ ರಸವನ್ನು ತಾಮ್ರದ ಪಾತ್ರೆಯಲ್ಲಿ ಸಾಮಾನ್ಯವಾಗಿ ಮೂರು ಬಾರಿ ಭಟ್ಟಿ ಇಳಿಸಿ, ಸೋಂಪಿನ ಜಾತಿಯ ಪರಿಮಳ ಬೀಜ ಬೆರೆಸಿ, ಮಣ್ಣಿನ ಜಾಡಿಗಳಲ್ಲಿ ಇರಿಸಿ ಪಕ್ವಗೊಳಿಸುತ್ತಾರೆ. ಕುಡಿಯುವಾಗ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸುವುದು ರೂಢಿ. ನೀರು ತಾಗುತ್ತಲೇ ಬೀಜದ ಎಣ್ಣೆಯಂಶ ಬೇರ್ಪಟ್ಟು ಪಾನೀಯ ಹಾಲಿನಂತೆ ಬೆಳ್ಳಗಾಗುತ್ತದೆ. ಅರಬ್ಬಿ ಭಾಷೆಯಲ್ಲಿ ಅರಕ್ ಎಂದರೆ ಬೆವರು. ಭಟ್ಟಿಯ ಕೊಳವೆಯಿಂದ ಜಿನುಗುವ ಹನಿಗೆ ಇಟ್ಟ ಹೆಸರು. ನಮ್ಮ ಸಾರಾಯಿಗೆ ಇಂಗ್ಲಿಷಿನಲ್ಲಿ ಬಳಕೆಯಾಗುತ್ತಿದ್ದ ಅರ್ಯಾಕ್ ಪದದ ಮೂಲವೂ ಇದೇ. ಹೆಸರೊಂದೇ ಆದರೂ ಸರಕು ಬೇರೆ, ಸ್ಥಾನಮಾನವೂ ಬೇರೆ.

ಬೇಕಾದ ಜಹ್ಲೆ ಪಟ್ಟಣ ಅರಕ್ ಮತ್ತು ಊಟಕ್ಕೆ ಹೆಸರುವಾಸಿ. ಬೆರ್ದೌನಿ ನದಿಯ ದಂಡೆಯುದ್ದಕ್ಕೂ ಸಾಲುಸಾಲಾಗಿ ಭೋಜನಶಾಲೆಗಳಿವೆ. ಯುನೆಸ್ಕೊ 2013ರಲ್ಲಿ ಜಹ್ಲೆಯನ್ನು ಪಾಕಕಲೆಯ ಸೃಜನಶೀಲ ನಗರವೆಂದು ಮಾನ್ಯ ಮಾಡಿತು.

ಉಗ್ರಾಣದ ಅಡುಗೆ

ಲೆಬನಾನಿನ ಊಟದ ಆರಂಭ ಮೆಜ್ಜೆಯಿಂದ. ಸಣ್ಣ ಸಣ್ಣ ತಟ್ಟೆಗಳಲ್ಲಿ ಹತ್ತಾರು ಬಗೆಗಳನ್ನು ಒಟ್ಟಿಗೆ ಇಟ್ಟು, ಎಲ್ಲರೂ ಹಂಚಿಕೊಂಡು ನಿಧಾನವಾಗಿ ತಿನ್ನುವ ಪದ್ಧತಿ ಇದು. ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ಹಸಿಗೊಜ್ಜಾದ ತಹೀನಿ, ನಿಂಬೆರಸ, ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಅರೆದ ಹಮ್ಮಸ್. ಸುಟ್ಟ ಬದನೆಯ ಮುತಬ್ಬಲ್. ಹೆಚ್ಚಿದ ಪಾರ್ಸ್ಲಿ ಸೊಪ್ಪಿಗೆ ಗೋಧಿ ನುಚ್ಚು ಸೇರಿಸಿದ ತಬ್ಬೂಲೆ. ಮಾಂಸ ಮತ್ತು ನುಚ್ಚನ್ನು ಕುಟ್ಟಿ ಹದಗೊಳಿಸಿದ ಕಿಬ್ಬೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಲಬ್ನೆ ಇವುಗಳಲ್ಲಿ ಮುಖ್ಯವಾದವು. ಹುಳಿಗೆ ನಿಂಬೆಯ ಜೊತೆ ಸುಮಾಕ್ ಎಂಬ ಕಾಯಿಯ ಪುಡಿ, ದಾಳಿಂಬೆಯ ಗಟ್ಟಿ ಪಾಕ. ಬೆಳಗಿನ ಉಪಾಹಾರಕ್ಕೆ ಝಾತರ್ ಎಂಬ ಕಾಡು ಸೊಪ್ಪಿನ ಪುಡಿ, ಎಳ್ಳು ಮತ್ತು ಆಲಿವ್ ಎಣ್ಣೆ ಹಚ್ಚಿ ಸುಟ್ಟ ರೊಟ್ಟಿ ಮನೂಶೆ. 2023ರ ಡಿಸೆಂಬರಿನಲ್ಲಿ ಮನೂಶೆ ತಯಾರಿಕೆಯ ಸಂಪ್ರದಾಯ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಈ ಅಡುಗೆಯ ಬುನಾದಿಯಾದ ಗೋಧಿ, ಕಡಲೆ, ಮಸೂರ ಮತ್ತು ಆಲಿವ್ ಮನುಷ್ಯ ಮೊಟ್ಟಮೊದಲು ಪಳಗಿಸಿದ ಬೆಳೆಗಳಲ್ಲಿ ಸೇರಿವೆ. ಅದು ನಡೆದದ್ದು ಇದೇ ಭೂಭಾಗದಲ್ಲಿ ಮತ್ತು ಅದರ ನೆರೆಯಲ್ಲಿ. ಜನರೂ ಹಳಬರೇ. ಸೈಡನ್‌ನಲ್ಲಿ ದೊರೆತ ಕಂಚಿನ ಯುಗದ ಅಸ್ಥಿಗಳ ವಂಶವಾಹಿ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಇಂದಿನ ಲೆಬನಾನಿಗರ ವಂಶಮೂಲದ ಬಹುಪಾಲು, ಅಂದರೆ ಶೇಕಡ 90ಕ್ಕೂ ಹೆಚ್ಚು, ಆ ಪ್ರಾಚೀನ ಕೆನಾನೀಯರಿಂದಲೇ ಬಂದಿದೆಯೆಂದು ಅದು ತೋರಿಸಿತು. ಆದರೆ ಪ್ರಾಚೀನವೆಂದರೆ ಬದಲಾಗದ್ದು ಎಂದಲ್ಲ. ತಬ್ಬೂಲೆಯ ಟೊಮೇಟೊ, ಜೊತೆಗಿನ ಆಲೂಗಡ್ಡೆ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದವು. ಕೆಲವೇ ಶತಮಾನಗಳ ಈಚಿನವು. ತಟ್ಟೆಗಳಿಗೆ ತುರ್ಕಿಯ ಆಟೋಮನ್ ಸಾಮ್ರಾಜ್ಯದ ಪ್ರಭಾವವೂ ಸೇರಿದೆ.

ಹಳ್ಳಿಗಳಲ್ಲಿ ಈ ಅಡುಗೆಯ ಆಧಾರ ಮೂನೆ. ಪರ್ವತದ ಹಳ್ಳಿಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತವೆ. ಆ ತಿಂಗಳುಗಳಿಗಾಗಿ ಬೇಸಿಗೆಯಲ್ಲಿಯೇ ಆಹಾರ ಕೂಡಿಡುವ ಪದ್ಧತಿಗೆ ಮೂನೆ ಎಂದು ಹೆಸರು. ನಮ್ಮ ಮನೆಗಳಲ್ಲಿ ಬೇಸಿಗೆಯ ಬಿಸಿಲಿಗೆ ಹಪ್ಪಳ, ಸಂಡಿಗೆ ಒಣಗಿಸಿ, ಉಪ್ಪಿನಕಾಯಿ ಹಾಕಿ ಮಳೆಗಾಲಕ್ಕೆ ಸಿದ್ಧವಾಗುವಂತೆಯೇ ಅಲ್ಲಿಯೂ ನಡೆಯುತ್ತದೆ. ಗೋಧಿಯನ್ನು ಬೇಯಿಸಿ ಮಾಳಿಗೆಯ ಮೇಲೆ ಒಣಗಿಸಿ ಒಡೆದರೆ ಬುರ್ಗುಲ್ ನುಚ್ಚು. ಆ ನುಚ್ಚನ್ನು ಮೊಸರಿನಲ್ಲಿ ನೆನೆಸಿ ಹುದುಗಿಸಿ, ಒಣಗಿಸಿ, ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿದರೆ ಕಿಶ್ಕ್. ಚಳಿಗಾಲದಲ್ಲಿ ಬಿಸಿನೀರಿಗೆ ಹಾಕಿದರೆ ಗಂಜಿ ಸಿದ್ಧ. ಲಬ್ನೆಯ ಉಂಡೆಗಳು ಆಲಿವ್ ಎಣ್ಣೆಯಲ್ಲಿ ಮುಳುಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ.

ಈ ಗೃಹಕೈಗಾರಿಕೆಗೆ ನಗರದ ಮಾರುಕಟ್ಟೆ ಒದಗಿಸಿದ ಪ್ರಯತ್ನಗಳಲ್ಲಿ ಕಮಾಲ್ ಮುಝವಕ್ ಅವರು 2004ರಲ್ಲಿ ಬೈರೂತಿನಲ್ಲಿ ಆರಂಭಿಸಿದ ಸೂಕ್ ಎಲ್ ತಯ್ಯಿಬ್ ಎಂಬ ರೈತರ ಸಂತೆ ಪ್ರಮುಖವಾದುದು. ಯುದ್ಧದಲ್ಲಿ ಎದುರುಬದುರಾಗಿದ್ದ ಬೇರೆ ಬೇರೆ ಪಂಗಡಗಳ ರೈತರು ಒಂದೇ ಅಂಗಳದಲ್ಲಿ ತಮ್ಮ ಉತ್ಪನ್ನ ಮಾರುವಂತಾಯಿತು. 2009ರಲ್ಲಿ ಇದೇ ಸಂಸ್ಥೆ ತೌಲೆಟ್ ಎಂಬ ಭೋಜನಶಾಲೆ ತೆರೆದು, ಬೇರೆ ಬೇರೆ ಹಳ್ಳಿಗಳ ಗೃಹಿಣಿಯರನ್ನು ಸರದಿಯ ಮೇಲೆ ಕರೆಸಿ ಅವರವರ ಊರಿನ ಅಡುಗೆಯನ್ನು ಮಾಡಿಸತೊಡಗಿತು.

ಹೆಸರು ಯಾರದು?

ಪರಂಪರೆಯನ್ನು ಮಾರುವಾಗ ಎದುರಾಗುವ ಕಠಿಣ ಪ್ರಶ್ನೆ ಒಡೆತನದ್ದು. ಅಮೆರಿಕ ಮತ್ತು ಯುರೋಪಿನ ಸೂಪರ್ ಮಾರ್ಕೆಟ್‌ಗಳಲ್ಲಿ ಹಮ್ಮಸ್ ದೊಡ್ಡ ವ್ಯಾಪಾರವಾಗಿ ಬೆಳೆದಾಗ, ಅದರ ಲಾಭದ ಬಹುಪಾಲು ಇತರರ ಪಾಲಾಗುತ್ತಿದೆಯೆಂದು ಲೆಬನಾನಿನ ಕೈಗಾರಿಕೋದ್ಯಮಿಗಳ ಸಂಘ 2008ರಲ್ಲಿ ದನಿಯೆತ್ತಿತು. ಇಸ್ರೇಲಿನ ಕಂಪೆನಿಗಳು ಇದನ್ನು ತಮ್ಮ ದೇಶದ ತಿನಿಸೆಂಬಂತೆ ಮಾರುತ್ತಿವೆ ಎಂಬುದು ಆಕ್ಷೇಪ. 2002ರಲ್ಲಿ ಫೆಟಾ ಚೀಸಿನ ಹೆಸರು ಯುರೋಪಿನ ಒಕ್ಕೂಟದಲ್ಲಿ ಗ್ರೀಸಿಗೆ ಮೀಸಲಾದದ್ದನ್ನು ಮಾದರಿಯಾಗಿಟ್ಟುಕೊಂಡು, ಹಮ್ಮಸ್‌ಗೂ ಅಂಥ ರಕ್ಷಣೆ ಪಡೆಯುವ ಆಲೋಚನೆ ನಡೆಯಿತು.

ಕಾನೂನಿನ ಹೋರಾಟಕ್ಕಿಂತ ಮೊದಲು ನಡೆದದ್ದು ತಟ್ಟೆಯ ಪೈಪೋಟಿ. 2009ರ ಅಕ್ಟೋಬರಿನಲ್ಲಿ ಬೈರೂತಿನ ಬಾಣಸಿಗರು ಎರಡು ಟನ್ ಹಮ್ಮಸ್ ತಯಾರಿಸಿ ಗಿನ್ನೆಸ್ ದಾಖಲೆ ಮಾಡಿದರು. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಘೋಷ್ ಎಂಬ ಅರಬ್ ಊರಿನವರು ನಾಲ್ಕು ಟನ್ ಮಾಡಿ ಅದನ್ನು ಮುರಿದರು. ಅದೇ ಮೇ ತಿಂಗಳಿನಲ್ಲಿ ಲೆಬನಾನಿನ ಸುಮಾರು 300 ಬಾಣಸಿಗರು ಸೇರಿ 10,452 ಕಿಲೋಗ್ರಾಂ ಹಮ್ಮಸ್ ಸಿದ್ಧಪಡಿಸಿದರು. ದೇಶದ ವಿಸ್ತೀರ್ಣ ಎಷ್ಟು ಚದರ ಕಿಲೋಮೀಟರೋ ಅಷ್ಟೇ ಕಿಲೋ. ದಾಖಲೆ ಲಭಿಸಿತು, ಪ್ರಚಾರವೂ ಸಿಕ್ಕಿತು. ಹೆಸರಿನ ಮೇಲಿನ ಏಕಸ್ವಾಮ್ಯ ಮಾತ್ರ ದೊರೆಯಲಿಲ್ಲ. ಸಿರಿಯಾ, ಪ್ಯಾಲೆಸ್ಟೈನ್, ಜೋರ್ಡಾನ್, ಈಜಿಪ್ಟ್ ದೇಶಗಳ ಮನೆಮನೆಯಲ್ಲಿರುವ ತಿನಿಸಿಗೆ ಒಂದೇ ದೇಶದ ಮೊಹರು ಒತ್ತುವುದು ಸುಲಭವಲ್ಲ. ತುಂಬಾ ತಡವಾಗಿ, ತುಂಬಾ ವಿಶಾಲವಾದ ಹೆಸರಿಗೆ ಹಕ್ಕು ಕೇಳಿದ್ದು ಇಲ್ಲಿನ ದೌರ್ಬಲ್ಯ.

ಮೊಹರಿಲ್ಲದೆಯೂ ಹೆಸರನ್ನು ಜಗತ್ತಿಗೆ ಹರಡಿದವರು ವಲಸಿಗರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಲೆಬನಾನಿಗರು ಬ್ರೆಜಿಲ್, ಅರ್ಜೆಂಟೀನಾ, ಮೆಕ್ಸಿಕೊ, ಅಮೆರಿಕ, ಪಶ್ಚಿಮ ಆಫ್ರಿಕಾ, ಆಸ್ಟ್ರೇಲಿಯಾಗಳಿಗೆ ಹೋದರು. ಮೊದಲ ಮಹಾಯುದ್ಧದ ಕಾಲದಲ್ಲಿ ಲೆಬನಾನ್ ಪರ್ವತ ಪ್ರದೇಶದ ಸುಮಾರು ಮೂರನೆಯ ಒಂದು ಪಾಲು ಜನರನ್ನು ಬಲಿ ತೆಗೆದುಕೊಂಡ ಘೋರ ಕ್ಷಾಮ ಬೇರೆ ಬಂದೊದಗಿತ್ತು. ಇಂದು ಹೊರಗಿರುವ ಲೆಬನಾನ್ ಮೂಲದವರ ಸಂಖ್ಯೆ ಸ್ವದೇಶದ ಜನಸಂಖ್ಯೆಯನ್ನು ಮೀರಿಸಿದೆ. ಬ್ರೆಜಿಲಿನ ಬೀದಿಯಂಗಡಿಗಳಲ್ಲಿ ಕಿಬ್ಬೆ ಅಲ್ಲಿನದೇ ತಿಂಡಿಯಾಗಿಬಿಟ್ಟಿದೆ. ಮೆಕ್ಸಿಕೊದಲ್ಲಿ ಶವರ್ಮಾ ತಿರುಗಣಿಯ ಮಾಂಸ ಮೆಕ್ಕೆಜೋಳದ ರೊಟ್ಟಿಯೊಳಗೆ ಸೇರಿ ಹೊಸ ತಿನಿಸೇ ಹುಟ್ಟಿದೆ. ಸ್ವದೇಶದಿಂದ ತಹೀನಿ, ಝಾತರ್, ಅರಕ್, ವೈನ್ ತರಿಸಿಕೊಳ್ಳುವ ಮೊದಲ ಗ್ರಾಹಕರೂ, ನೆರೆಹೊರೆಯವರಿಗೆ ರುಚಿ ಹತ್ತಿಸುವ ಮಾರಾಟ ಪ್ರತಿನಿಧಿಗಳೂ ಈ ವಲಸಿಗರೇ.

ಸಾಲು ಸಾಲು ಆಘಾತಗಳು

ಈ ಶತಮಾನದ ಆಘಾತಗಳು ಉದ್ಯಮದ ಬುಡವನ್ನೇ ಅಲುಗಾಡಿಸಿವೆ. 2006ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಸ್ರೇಲ್ ಮತ್ತು ಹೆಜ್ಬೊಲ್ಲಾ ನಡುವಣ ಯುದ್ಧದಲ್ಲಿ ಬೇಕಾದ ತಾನಾಯೆಲ್‌ನಲ್ಲಿದ್ದ ಮಾಲಿಬಾನ್ ಗಾಜಿನ ಕಾರ್ಖಾನೆ ವಾಯುದಾಳಿಗೆ ನಾಶವಾಯಿತು. ಪೂರ್ವ ಆಫ್ರಿಕಾದಲ್ಲಿ ನೆಲೆಸಿದ ಭಾರತೀಯ ಮೂಲದ ಮಾಧ್ವಾನಿ ಕುಟುಂಬದ ಒಡೆತನದ ಕಾರ್ಖಾನೆಯಿದು. ತೋಟದ ನೆರೆಯಲ್ಲಿಯೇ ಸಿಗುತ್ತಿದ್ದ ಬಾಟಲಿಯನ್ನು ವೈನ್ ತಯಾರಕರು ಅಂದಿನಿಂದ ವಿದೇಶಿ ವಿನಿಮಯ ತೆತ್ತು ತರಿಸಿಕೊಳ್ಳಬೇಕಾಯಿತು. ಒಂದು ಪೂರಕ ಉದ್ದಿಮೆ ಕುಸಿದರೆ ಮುಖ್ಯ ಉದ್ದಿಮೆಯ ವೆಚ್ಚ ಹೇಗೆ ಏರುತ್ತದೆಂಬುದಕ್ಕೆ ಇದು ನಿದರ್ಶನ.

ಆ ಹೊರೆಯ ನಿಜವಾದ ಭಾರ ತಿಳಿದದ್ದು 2019ರಲ್ಲಿ. 1997ರಿಂದ ಡಾಲರ್ ಒಂದಕ್ಕೆ 1,507.5 ಪೌಂಡಿನಂತೆ ಸ್ಥಿರವಾಗಿಟ್ಟಿದ್ದ ವಿನಿಮಯ ದರ ಕುಸಿಯಿತು. ಬ್ಯಾಂಕುಗಳು ಠೇವಣಿದಾರರ ಡಾಲರ್ ಹಣವನ್ನು ತಡೆಹಿಡಿದವು. 2020ರ ಮಾರ್ಚಿನಲ್ಲಿ ಸರ್ಕಾರ ವಿದೇಶಿ ಸಾಲ ಮರುಪಾವತಿಯಲ್ಲಿ ಸುಸ್ತಿದಾರನಾಯಿತು. 2023ರ ಹೊತ್ತಿಗೆ ಪೌಂಡ್ ತನ್ನ ಮೌಲ್ಯದಲ್ಲಿ ಶೇಕಡ 98ಕ್ಕೂ ಹೆಚ್ಚನ್ನು ಕಳೆದುಕೊಂಡಿತ್ತು. ಬಾಟಲಿ, ಬೆಂಡಿನ ಬಿರಡೆ, ಪೀಪಾಯಿ, ಯಂತ್ರದ ಬಿಡಿಭಾಗ ಎಲ್ಲಕ್ಕೂ ಡಾಲರ್ ಬೇಕು. ಸ್ಥಳೀಯ ಗ್ರಾಹಕನ ಕೈಯಲ್ಲಿರುವುದು ಬೆಲೆಯಿಲ್ಲದ ಪೌಂಡ್. ರಫ್ತು ಮಾರುಕಟ್ಟೆ ಕಟ್ಟಿಕೊಂಡಿದ್ದವರು ಉಸಿರಾಡಿದರು; ಬೈರೂತಿನ ಹೋಟೆಲುಗಳನ್ನೇ ನಂಬಿದ್ದವರು ಸಂಕಷ್ಟಕ್ಕೆ ಸಿಲುಕಿದರು.

2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸಂಗ್ರಹಿಸಿಟ್ಟಿದ್ದ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ 200ಕ್ಕೂ ಹೆಚ್ಚು ಜನ ಸತ್ತರು. 1,20,000 ಟನ್ ಧಾರಣಶಕ್ತಿಯ ಧಾನ್ಯ ಕಣಜಗಳು ನುಚ್ಚುನೂರಾದವು. ಗೋಧಿಯನ್ನು ಮೊದಲು ಬೆಳೆದ ಭೂಭಾಗಕ್ಕೆ ಸೇರಿದ ಈ ದೇಶ ಇಂದು ತನ್ನ ಗೋಧಿಯ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ, ಅದರಲ್ಲಿಯೂ ಹೆಚ್ಚಿನದು ಉಕ್ರೇನಿನಿಂದ ಬರುತ್ತಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ರೊಟ್ಟಿಗಾಗಿ ಸಾಲು ನಿಲ್ಲಬೇಕಾಯಿತು; ವಿಶ್ವಬ್ಯಾಂಕ್ ಗೋಧಿ ಖರೀದಿಗೆಂದೇ 15 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು.

2023ರ ಅಕ್ಟೋಬರಿನಿಂದ ಗಡಿಯಲ್ಲಿ ಹೊತ್ತಿಕೊಂಡ ಸಂಘರ್ಷ 2024ರ ಸೆಪ್ಟೆಂಬರಿನಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲದಲ್ಲಿಯೇ, ಪೂರ್ಣ ಪ್ರಮಾಣದ ಯುದ್ಧವಾಯಿತು. ನವೆಂಬರಿನಲ್ಲಿ ಬಾಂಬುಗಳು ಬಾಲ್ಬೆಕ್‌ನ ದೇವಾಲಯಗಳ ಆಸುಪಾಸಿನಲ್ಲಿಯೇ ಬಿದ್ದವು. ಪಕ್ಕದ ಆಟೋಮನ್ ಕಾಲದ ಕಟ್ಟಡವೊಂದು ನೆಲಸಮವಾಯಿತು. ನವೆಂಬರ್ 18ರಂದು ಯುನೆಸ್ಕೊ ಬಾಲ್ಬೆಕ್, ಟೈರ್ ಸೇರಿದಂತೆ ಲೆಬನಾನಿನ 34 ಪಾರಂಪರಿಕ ತಾಣಗಳಿಗೆ ವಿಶೇಷ ರಕ್ಷಣೆ ಘೋಷಿಸಿತು. ನವೆಂಬರ್ 27ರಂದು ಕದನವಿರಾಮ ಜಾರಿಗೆ ಬಂದಿತು.

ಕರ್ನಾಟಕದ ಉದ್ಯಮಿಗಳ ಗಮನಕ್ಕೆ

ಲೆಬನಾನಿನ ಸಂಕಟಗಳು ಅದರದೇ ಆದವು. ಆದರೆ ಅದರ ವ್ಯಾಪಾರದ ಅನುಭವ ಕರ್ನಾಟಕಕ್ಕೂ ಉಪಯುಕ್ತ. ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ವೈನ್ ಸಂಸ್ಥೆ ಆರಂಭವಾಯಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ವಿಜಯಪುರ, ಬಾಗಲಕೋಟೆ ಭಾಗದ ದ್ರಾಕ್ಷಿ, ಒಣದ್ರಾಕ್ಷಿಗೆ ದೊಡ್ಡ ಮಾರುಕಟ್ಟೆಯಿದೆ. ಬೆಂಗಳೂರು ನೀಲಿ ದ್ರಾಕ್ಷಿ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡ, ಕೊಡಗಿನ ಕಿತ್ತಳೆ ಭೌಗೋಳಿಕ ಸೂಚಿಕೆಯ ನೋಂದಣಿ ಪಡೆದಿವೆ. ಹಮ್ಮಸ್ ವಿಷಯದಲ್ಲಿ ಲೆಬನಾನಿಗೆ ದೊರೆಯದೇ ಹೋದ ರಕ್ಷಣೆ ಇವಕ್ಕೆ ಈಗಾಗಲೇ ಇದೆ. ನಿರ್ದಿಷ್ಟ ಊರಿನ, ನಿರ್ದಿಷ್ಟ ಸರಕಿನ ಹೆಸರಿಗೆ ಹಕ್ಕು ಸಿಗುವುದು ಹೆಚ್ಚು ಸುಲಭ. ಆ ನೋಂದಣಿಯನ್ನು ಬಾಟಲಿಯ ಚೀಟಿಯ ಮೇಲೆ, ಪೊಟ್ಟಣದ ಮೇಲೆ, ವಿದೇಶದಲ್ಲಿರುವ ಕನ್ನಡಿಗರ ಮನೆಗಳ ಮೂಲಕ ಮಾರುಕಟ್ಟೆಯಲ್ಲಿ ದುಡಿಸುವ ಕೆಲಸ ಬಾಕಿಯಿದೆ.

ಏಕರೂಪದ ಅಳತೆ, ಕಷ್ಟಕಾಲಕ್ಕೆಂದು ಇಟ್ಟ ದಾಸ್ತಾನು, ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಗ್ರಾಹಕರು, ಪೂರಕ ಉದ್ದಿಮೆಗಳ ಬಲ, ಹೆಸರಿಗೆ ಸಕಾಲದಲ್ಲಿ ಕಾನೂನಿನ ಕಾವಲು ಇವಿಷ್ಟು ಇದ್ದವರು ಬದುಕಿದರು ಎಂಬುದು ಬೇಕಾ ಕಣಿವೆಯ ಚರಿತ್ರೆಯ ಸಾರ. ಬಿಬ್ಲೋಸಿನ ಅರಸ ಅತಿಥಿಗೆ ದ್ರಾಕ್ಷಾರಸ ಕಳುಹಿಸಿದ, ಆದರೆ ಬೆಲೆ ಬರುವವರೆಗೆ ಮರ ಕೊಡಲಿಲ್ಲ. ಅವನು ತರಿಸಿ ಓದಿಸಿದ ಲೆಕ್ಕದ ಸುರುಳಿಗಳಂತಹ ಶಿಸ್ತು ಯಾವ ಕಾಲದ ವ್ಯಾಪಾರಕ್ಕೂ ಬೇಕಾದುದೇ.